ಒಂದು ಲಕ್ಷದ ಕಪ್, ಮೂರು ಲಕ್ಷದ ಸಾಲ: ಮಂಡ್ಯದ ಒಂದು ಕಬಡ್ಡಿ ಪಂದ್ಯಾವಳಿಯ ಲೆಕ್ಕ

ಇದು ಮಂಡ್ಯ ಜಿಲ್ಲೆಯ ಒಂದು ಊರಿನ ಪ್ರಕರಣ. ಊರು, ಸಂಘ, ಜನ ಯಾರ ಹೆಸರೂ ಇಲ್ಲಿಲ್ಲ. ಗುರುತು ಸಿಗದಿರಲಿ ಅಂತ ಒಂದೆರಡು ವಿವರ ಬದಲಿಸಿದ್ದೇನೆ, ಮೊತ್ತಗಳನ್ನು ದುಂಡು ಮಾಡಿದ್ದೇನೆ. ಲೆಕ್ಕದ ಪಾಠ ಮಾಡುವುದು ನನ್ನ ಕೆಲಸ. ಪಂದ್ಯಾವಳಿ ನಡೆಸುವ ಸಂಘದ ಹುಡುಗರು ಸಾಲಕ್ಕೆ ಸಿಕ್ಕಿಕೊಂಡ ಮೇಲೆ ಉದ್ದದ ನೋಟ್‌ಬುಕ್ ತಂದು ನನ್ನ ಮುಂದಿಟ್ಟರು. ಇಲ್ಲಿ ಬರೆದಿರುವುದರಲ್ಲಿ ಬಹುಪಾಲು ಆ ಪುಸ್ತಕದಿಂದ ಬಂದದ್ದು, ಉಳಿದದ್ದು ಅವರ ಬಾಯಿಂದ. ಹೊನಲು ಬೆಳಕಿನ ಪಂದ್ಯಾವಳಿ ಮಾಡಬೇಕು ಅಂತ ಹೊರಟಿರುವ ಬೇರೆ ಊರಿನವರಿಗೂ ಉಪಯೋಗ ಆಗಬಹುದು ಅಂತ ಅವರೇ ಬರೆಯಲು ಒಪ್ಪಿದರು.

ಊರು ಮತ್ತು ಆಟ

ಊರು ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಅಚ್ಚುಕಟ್ಟಿನಲ್ಲಿದೆ. ಭತ್ತ, ಕಬ್ಬು, ಡೇರಿಗೆ ಹಾಲು. 220 ಮನೆ. ಮಾರಮ್ಮನ ಗುಡಿ ಹಿಂದೆ ಒಂದು ಬಯಲು. ಕೊಯ್ಲು ಮುಗಿದು, ಸಂಕ್ರಾಂತಿಗೆ ದನ ಕಿಚ್ಚು ಹಾಯಿಸಿದ ಮೇಲೆ ಸುತ್ತಲಿನ ಏಳೆಂಟು ಊರಿನ ಹುಡುಗರು ಬಂದು, ಹಗಲಲ್ಲೇ ಕಬಡ್ಡಿ ಆಡಿ ಹೋಗುತ್ತಿದ್ದರು. ಗೆದ್ದವರಿಗೆ ಒಂದು ಟಗರು. ಅದನ್ನೂ ಅವತ್ತೇ ಎಲ್ಲರೂ ಸೇರಿ ತಿಂದು ಮುಗಿಸುತ್ತಿದ್ದರು. ಲೆಕ್ಕ ಬರೆಯುವಂಥದ್ದು ಏನೂ ಇರಲಿಲ್ಲ.

2014ರಲ್ಲಿ ಪ್ರೊ ಕಬಡ್ಡಿ ಲೀಗ್ ಶುರುವಾಯಿತು. ಟಿವಿಯಲ್ಲಿ ಮ್ಯಾಟ್, ಶೂ, ಬಣ್ಣದ ಲೈಟು, ಆಟಗಾರರ ಹರಾಜು. 2019ರ ಜನವರಿಯಲ್ಲಿ ಬೆಂಗಳೂರು ಬುಲ್ಸ್ ಕಪ್ ಗೆದ್ದಾಗ ಈ ಊರಿನಲ್ಲೂ ಪಟಾಕಿ ಹೊಡೆದರು. ಅಷ್ಟು ಹೊತ್ತಿಗೆ ಊರಿನ ಆಟವೂ ಟಿವಿ ಆಟದ ಥರ ಆಗತೊಡಗಿತ್ತು. ಮಣ್ಣಿನ ಅಂಕಣ ಹೋಗಿ ಬಾಡಿಗೆ ಮ್ಯಾಟ್ ಬಂತು. ಹಗಲಿನ ಆಟ ರಾತ್ರಿಗೆ ಹೋಯಿತು. ಯೂಟ್ಯೂಬ್ ಲೈವ್ ಬಂತು, ಕಾಮೆಂಟ್ರಿಗೆ ಹೊರಗಿನಿಂದ ಮಾತುಗಾರರು ಬಂದರು. ಟಗರಿನ ಜಾಗಕ್ಕೆ 10 ಸಾವಿರ ಬಂತು, ಆಮೇಲೆ 25, ಆಮೇಲೆ 50. 2023ಕ್ಕೆ ಪ್ರಥಮ ಬಹುಮಾನ ಒಂದು ಲಕ್ಷ ಮತ್ತು ಆಕರ್ಷಕ ಟ್ರೋಫಿ.

ಬಹುಮಾನ ಯಾಕೆ ಹೀಗೆ ಏರಿತು ಅಂತ ಕೇಳಿದೆ. ಪಕ್ಕದ ಊರಿನವರು ಏರಿಸಿದರು, ಅದಕ್ಕೆ ಇವರೂ ಏರಿಸಿದರು. ಅಷ್ಟೇ. ಒಳ್ಳೆ ತಂಡಗಳು ಬಹುಮಾನ ನೋಡಿಕೊಂಡೇ ಊರು ಆರಿಸುತ್ತವೆ. ಒಳ್ಳೆ ತಂಡ ಬರದಿದ್ದರೆ ಜನ ಬರಲ್ಲ, ಜನ ಬರದಿದ್ದರೆ ದಾನಿ ಬರಲ್ಲ. ಒಬ್ಬರನ್ನು ನೋಡಿ ಒಬ್ಬರು ಏರಿಸುತ್ತಾ ಹೋದರೆ ಖರ್ಚು ಎಲ್ಲರಿಗೂ ಏರುತ್ತೆ, ಹೆಸರು ಮಾತ್ರ ಮೊದಲಿದ್ದಷ್ಟೇ ಇರುತ್ತೆ.

2023ರ ಪುಟ

ಸಂಘದವರು ಹೆಮ್ಮೆಯಿಂದ ತೋರಿಸಿದ ಪುಟ 2023ರದ್ದು. ಫೆಬ್ರವರಿ ಕೊನೆಯಲ್ಲಿ ಪಂದ್ಯಾವಳಿ. ಮೇ 10ಕ್ಕೆ ವಿಧಾನಸಭೆ ಚುನಾವಣೆ. ಟಿಕೆಟ್ ಆಕಾಂಕ್ಷಿಗಳು, ಗುತ್ತಿಗೆದಾರರು, ಸೈಟ್ ವ್ಯಾಪಾರದವರು ಪೈಪೋಟಿಗೆ ಬಿದ್ದು ಕೊಟ್ಟರು. ಖರ್ಚು 6 ಲಕ್ಷ 20 ಸಾವಿರ. ಅದರಲ್ಲಿ ದಾನಿಗಳದ್ದೇ 4 ಲಕ್ಷ 25 ಸಾವಿರ. 40 ತಂಡದ ಪ್ರವೇಶ ಶುಲ್ಕ 60 ಸಾವಿರ, ಅಂಗಡಿ ಜಾಗದ ಹರಾಜಿನಿಂದ 25 ಸಾವಿರ, ಮನೆಗೆ 500ರಂತೆ ಊರಿನವರ ವಂತಿಗೆ 1 ಲಕ್ಷ 10 ಸಾವಿರ. ಲೆಕ್ಕ ಸರಿಯಾಯಿತು. ಎಲ್ಲರೂ ಖುಷಿ.

ಅದೇ ಪುಟವನ್ನು ಇನ್ನೊಂದು ಥರ ಓದೋಣ ಅಂದೆ. ಒಂದೊಂದು ಸಾಲಿನ ಮುಂದೆಯೂ ದುಡ್ಡು ಎಲ್ಲಿಗೆ ಹೋಯಿತು ಅಂತ ಪೆನ್ಸಿಲ್‌ನಲ್ಲಿ ಬರೆಸಿದೆ. ಬಹುಮಾನ ಮತ್ತು ಟ್ರೋಫಿ ಎರಡೂವರೆ ಲಕ್ಷ: ಬಹುಮಾನ ಗೆದ್ದ ನಾಲ್ಕೂ ತಂಡ ಹೊರಗಿನವು. ಎರಡು ಮ್ಯಾಟ್‌ನ ಬಾಡಿಗೆ ಮತ್ತು ಸಾಗಾಟ 60 ಸಾವಿರ: ಬೆಂಗಳೂರಿಗೆ. ಗ್ಯಾಲರಿ, ಶಾಮಿಯಾನ 70 ಸಾವಿರ: ಮೈಸೂರಿಗೆ. ಲೈಟು, ಜನರೇಟರ್ 50 ಸಾವಿರ: ಮಂಡ್ಯಕ್ಕೆ. ಸೌಂಡು, ಕಾಮೆಂಟ್ರಿ, ಲೈವ್, ಫ್ಲೆಕ್ಸ್, ತೀರ್ಪುಗಾರರು, ಎಲ್ಲ ಹೊರಗೆ. ತಂಡಗಳ ಊಟದ 80 ಸಾವಿರದಲ್ಲಿ ಅಕ್ಕಿ, ತೆಂಗಿನಕಾಯಿ, ಸೌದೆ, ಅಡುಗೆಯವರ ಕೂಲಿ ಊರಿನದು. ಎಲ್ಲ ಕೂಡಿದರೂ ಊರಿನ ಗಡಿಯೊಳಗೆ ಉಳಿದದ್ದು 70 ಸಾವಿರ ದಾಟಲಿಲ್ಲ. ಊರು ಕೈಯಿಂದ ಹಾಕಿದ್ದು 1 ಲಕ್ಷ 10 ಸಾವಿರ.

ಖಜಾಂಚಿ ಪೆನ್ಸಿಲ್ ಹಿಡಿದುಕೊಂಡೇ ಕೂತಿದ್ದ. "ಅಂದ್ರೆ ನಾವೇ ನಲವತ್ ಸಾವ್ರ ಕೊಟ್ಟು ಕಳ್ಸಿದ್ವಾ?" ಅಂದ. ಕಬಾಬ್, ಬೋಟಿ, ಐಸ್‌ಕ್ರೀಂ ಗಾಡಿಗಳಲ್ಲಿ ಜನ ಖರ್ಚು ಮಾಡಿದ್ದು ಇದರಲ್ಲಿ ಇಲ್ಲ. ಆ ಗಾಡಿಗಳೂ ಹೊರಗಿನವೇ. ಹರಾಜಿನಲ್ಲಿ ಜಾಸ್ತಿ ಕೂಗಿದವರಿಗೆ ಜಾಗ, ಊರಿನವರು ಅಷ್ಟು ಕೂಗಲಾರರು.

ಇದು ಈ ಊರಿನ ಹಣೆಬರಹ ಮಾತ್ರ ಅಲ್ಲ. ಅಮೆರಿಕದಲ್ಲಿ ನಗರಗಳು ತೆರಿಗೆ ದುಡ್ಡು ಹಾಕಿ ದೊಡ್ಡ ಕ್ರೀಡಾಂಗಣ ಕಟ್ಟುವಾಗ, ಇದರಿಂದ ಊರಿನ ಆದಾಯ ಬೆಳೆಯುತ್ತೆ ಅಂತಲೇ ಹೇಳುತ್ತಾರೆ. ದಶಕಗಳಿಂದ ಲೆಕ್ಕ ನೋಡುತ್ತಾ ಬಂದಿರುವ ಅರ್ಥಶಾಸ್ತ್ರಜ್ಞರಲ್ಲಿ ಹೆಚ್ಚಿನವರು ಅದನ್ನು ಒಪ್ಪುವುದಿಲ್ಲ. ಆಟ ನೋಡಲು ಖರ್ಚು ಮಾಡುವ ಜನ ಹೋಟೆಲಿಗೋ ಸಿನಿಮಾಕ್ಕೋ ಮಾಡುತ್ತಿದ್ದ ಖರ್ಚು ಬಿಟ್ಟು ಇಲ್ಲಿ ಮಾಡುತ್ತಾರೆ. ಬಂದ ಲಾಭ ಆಟಗಾರರ, ಮಾಲೀಕರ ಜೊತೆ ಊರು ಬಿಟ್ಟು ಹೋಗುತ್ತೆ. ಅಲ್ಲಿನ ಸಾವಿರಾರು ಕೋಟಿಗೂ ಇಲ್ಲಿನ ಆರು ಲಕ್ಷಕ್ಕೂ ದಾರಿ ಒಂದೇ.

ಹಾಗಂತ ಪಂದ್ಯಾವಳಿಯ ಆ ಎರಡು ರಾತ್ರಿ ಸುಮ್ನೆ ಅಂತ ನಾನು ಹೇಳಲಾರೆ. ಮದುವೆಯಾಗಿ ಹೋದ ಹೆಣ್ಣುಮಕ್ಕಳು ಮಕ್ಕಳನ್ನು ಕಟ್ಟಿಕೊಂಡು ಬರುತ್ತಾರೆ. ಬೆಂಗಳೂರಿನಲ್ಲಿ ಕ್ಯಾಬ್ ಓಡಿಸುವವರು ರಜೆ ಹಾಕಿ ಬರುತ್ತಾರೆ. ಒಂದು ಮನೆಗೆ 500 ರೂಪಾಯಿಗೆ ಅಷ್ಟು ಸಂಭ್ರಮ ಸಿಕ್ಕರೆ ದುಬಾರಿಯೇನಲ್ಲ. ಸಂಘದವರು ಅದನ್ನು ಸಂಭ್ರಮ ಅಂತ ಹೇಳಿ ದುಡ್ಡು ಎತ್ತಿದ್ದರೆ ಸಮಸ್ಯೆಯೇ ಇರಲಿಲ್ಲ. ಊರಿನ ಅಭಿವೃದ್ಧಿ, ನಮ್ಮ ಹುಡುಗರ ಭವಿಷ್ಯ ಅಂತ ಹೇಳಿ ಎತ್ತಿದರು. ಹಾಗೆ ಹೇಳಿದ ಮೇಲೆ ಜಾಸ್ತಿ ಸಾಲ ಮಾಡುವುದಕ್ಕೂ ಧೈರ್ಯ ಬರುತ್ತೆ ಅಲ್ವಾ?

ಬಾಡಿಗೆ ಆಟಗಾರರು

ಹುಡುಗರ ಭವಿಷ್ಯದ ಮಾತು ಬಂತಲ್ಲ, ಅದನ್ನೂ ನೋಡೋಣ. ಲಕ್ಷದ ಬಹುಮಾನ ಇರುವ ಕಡೆ ತಂಡ ಅಂದರೆ ಊರಿನ ತಂಡ ಅಲ್ಲ. ದುಡ್ಡಿರುವ ಒಬ್ಬರು ತಂಡ ಕಟ್ಟುತ್ತಾರೆ. ಏಳು ಜನರಲ್ಲಿ ನಾಲ್ಕೈದು ಜನ ರಾತ್ರಿಗೆ ಇಷ್ಟು ಅಂತ ಮಾತಾಡಿಕೊಂಡು ಬಂದವರು. ಒಳ್ಳೆ ರೈಡರ್‌ಗೆ, ಅಂದರೆ ಎದುರಾಳಿ ಅಂಕಣಕ್ಕೆ ನುಗ್ಗಿ ಪಾಯಿಂಟ್ ತರುವವನಿಗೆ, ಓಡಾಟದ ಖರ್ಚು ಬಿಟ್ಟು ಐದರಿಂದ ಹತ್ತು ಸಾವಿರ. ಅವರ ಮೇಲೆ ಸಿಟ್ಟು ಮಾಡಿಕೊಳ್ಳುವಂಥದ್ದು ಏನೂ ಇಲ್ಲ. ಮಂಡಿ, ಕಾಲು ಗಟ್ಟಿ ಇರುವ ನಾಲ್ಕಾರು ವರ್ಷವೇ ಅವರ ದುಡಿಮೆ. 2023ರ ಪ್ರೊ ಕಬಡ್ಡಿ ಹರಾಜಿನಲ್ಲಿ ರೈಡರ್ ಪವನ್ ಸೆಹ್ರಾವತ್ 2 ಕೋಟಿ 60 ಲಕ್ಷಕ್ಕೆ ಹೋದದ್ದು ಎಲ್ಲರಿಗೂ ಬಾಯಿಪಾಠ. ಲೀಗ್‌ನಲ್ಲಿ ಇರುವುದು 12 ತಂಡ. ತಂಡಕ್ಕೆ 20 ಜನ ಅಂದುಕೊಂಡರೂ ಇಡೀ ದೇಶಕ್ಕೆ 240 ಸೀಟು. ಅಲ್ಲಿಗೆ ಹೋಗದವರ ಹೊಟ್ಟೆಪಾಡು ಇಂಥ ರಾತ್ರಿ ಪಂದ್ಯಗಳಲ್ಲೇ.

ಆದರೆ ಆ ಎರಡು ರಾತ್ರಿ ಊರಿನ ಹುಡುಗರು ಏನು ಮಾಡುತ್ತಿದ್ದರು? ಮ್ಯಾಟ್ ಜೋಡಿಸುತ್ತಿದ್ದರು, ನೀರು ಕೊಡುತ್ತಿದ್ದರು, ಗಾಡಿ ನಿಲ್ಲಿಸಲು ಜಾಗ ತೋರಿಸುತ್ತಿದ್ದರು. ಊರಿನ ತಂಡ ಮೊದಲ ಸುತ್ತಲ್ಲೇ ಹೊರಗೆ. ವರ್ಷದ ಉಳಿದ ದಿನ ಬಯಲಿನಲ್ಲಿ ಅಭ್ಯಾಸ ಅಂತ ಏನೂ ನಡೆಯುತ್ತಿರಲಿಲ್ಲ, ತರಬೇತುದಾರರು ಅಂತ ಯಾರೂ ಇರಲಿಲ್ಲ. ಆರು ಲಕ್ಷದಲ್ಲಿ ಊರಿನ ಮಕ್ಕಳ ಆಟಕ್ಕೆ ಅಂತ ಖರ್ಚಾದದ್ದು ಒಂದು ಜೊತೆ ಟೀ ಶರ್ಟು.

ಪುಸ್ತಕದಲ್ಲಿ ಇಲ್ಲದ ಒಂದು ಖರ್ಚೂ ಇದೆ. ಆ ವರ್ಷ ಗೂಡ್ಸ್ ಆಟೋ ಓಡಿಸುವ ಊರಿನ ಹುಡುಗನೊಬ್ಬನ ಮಂಡಿ ಲಿಗಮೆಂಟ್ ಹರಿಯಿತು. ಆಪರೇಷನ್, ಔಷಧಿ ಸೇರಿ ಲಕ್ಷ ದಾಟಿತು. ತಿಂಗಳುಗಟ್ಟಲೆ ಆಟೋ ನಿಂತಿತು, ಅದರ ಕಂತು ನಿಲ್ಲಲಿಲ್ಲ. ಸಂಘ ಕೊಟ್ಟದ್ದು 5 ಸಾವಿರ. ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿ ಕಟ್ ಆಗುವ ಸುರಕ್ಷಾ ವಿಮೆ ಅವನಿಗೆ ಇತ್ತು. ಆದರೆ ಅದು ಅಪಘಾತದ ಸಾವು, ಅಂಗವೈಕಲ್ಯಕ್ಕೆ. ಮಂಡಿ ಆಪರೇಷನ್ ಬಿಲ್ ಅದರಲ್ಲಿ ಬರುವುದಿಲ್ಲ.

2024: ನೀರಿಲ್ಲ, ಫ್ಲೆಕ್ಸ್ ಇಲ್ಲ

2023ರಲ್ಲಿ ಮಳೆ ಕೈಕೊಟ್ಟಿತು. ಈ ನಾಲೆಗೆ ನೀರು ಕೊಡುವ 124.80 ಅಡಿಯ ಕನ್ನಂಬಾಡಿ ಕಟ್ಟೆ (ಕೆ.ಆರ್.ಎಸ್.) ತುಂಬಲಿಲ್ಲ. ತಮಿಳುನಾಡಿಗೆ ನೀರು ಬಿಡುವ ಆದೇಶ, ಸೆಪ್ಟೆಂಬರ್‌ನಲ್ಲಿ ಮಂಡ್ಯ ಬಂದ್, ಕರ್ನಾಟಕ ಬಂದ್. ರಾಜ್ಯದ ಬಹುಪಾಲು ತಾಲ್ಲೂಕುಗಳು ಬರಪೀಡಿತ. ಈ ಊರಿನ ಕಬ್ಬು ಒಣಗಿತು, ಬೇಸಿಗೆ ಭತ್ತ ನಾಟಿ ಆಗಲೇ ಇಲ್ಲ. ಮನೆಗಳು ಡೇರಿ ಬಟವಾಡೆ ದುಡ್ಡಲ್ಲಿ ನಡೆಯುತ್ತಿದ್ದವು.

ಸಂಘದ ಸಭೆಯಲ್ಲಿ ಒಂದಿಬ್ಬರು ಈ ವರ್ಷ ಬೇಡ ಅಂದರು. ನಿಲ್ಲಿಸಿದರೆ ಪಕ್ಕದ ಊರಿನವರು ತಾರೀಕು ಹಿಡಿಯುತ್ತಾರೆ ಅಂತ ಉಳಿದವರು. ಮಾಡುವುದು ಅಂತಾಯಿತು. ಮೊದಲು ಫೆಬ್ರವರಿ ಅಂತಿತ್ತು. ಲೋಕಸಭೆ ಚುನಾವಣೆ ಹತ್ತಿರ ಇದ್ದದ್ದರಿಂದ ಮುಖ್ಯ ಅತಿಥಿಯೊಬ್ಬರು ಮಾರ್ಚ್‌ಗೆ ಹಾಕಿ, ಆಗ ಬರುತ್ತೇನೆ, ಜೋರಾಗಿ ಮಾಡೋಣ ಅಂದರು. ಇವರು ಮಾರ್ಚ್ 22ಕ್ಕೆ ಹಾಕಿದರು. ನನ್ನ ಪ್ರಕಾರ ಇಡೀ ಪ್ರಕರಣ ತಿರುಗಿದ್ದು ಇಲ್ಲಿ. ಸಾಲ ಮಾಡಿದ ದಿನಕ್ಕಿಂತ ಇದು ಮುಖ್ಯ. ಕೊಯ್ಲು ನೋಡಿ, ಪರೀಕ್ಷೆ ನೋಡಿ, ಹಬ್ಬ ನೋಡಿ ತಾರೀಕು ಇಡುತ್ತಿದ್ದ ಊರು ಮೊದಲ ಸಲ ದಾನಿಯ ಡೈರಿ ನೋಡಿ ಇಟ್ಟಿತು.

ಮಾರ್ಚ್ 16ಕ್ಕೆ ನೀತಿ ಸಂಹಿತೆ ಬಂತು. ಮಂಡ್ಯದಲ್ಲಿ ಮತದಾನ ಏಪ್ರಿಲ್ 26ಕ್ಕೆ. ಆಟಕ್ಕೇನೂ ಅಡ್ಡಿ ಇಲ್ಲ, ಅನುಮತಿ ತಗೊಂಡು ಆಡಬಹುದು. ಆದರೆ ರಾಜಕಾರಣಿಗಳ ಫ್ಲೆಕ್ಸ್ ಹಾಕುವಂತಿಲ್ಲ, ವೇದಿಕೆ ಮೇಲೆ ಕೂರಿಸಿ ಹಾರ ಹಾಕುವಂತಿಲ್ಲ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ಬಳಸಬಾರದು ಅನ್ನುವುದು 2000ದ ಶಬ್ದ ಮಾಲಿನ್ಯ ನಿಯಮದಲ್ಲೇ ಇದೆ. ಬೇರೆ ವರ್ಷ ಯಾರೂ ಕೇಳುತ್ತಿರಲಿಲ್ಲ, ಈ ಸಲ ಕೇಳಿದರು. ಮುಖ ಕಾಣಿಸದ ಮೇಲೆ ದುಡ್ಡು ಯಾಕೆ ಅಂತ ದಾನಿಗಳು ಫೋನ್ ಎತ್ತುವುದನ್ನೇ ಬಿಟ್ಟರು. ಮೂರೂವರೆ ಲಕ್ಷ ಮಾತಾಗಿತ್ತು, ಬಂದದ್ದು 1 ಲಕ್ಷ 20 ಸಾವಿರ.

ಪಂದ್ಯಕ್ಕೆ ಇನ್ನೂ ಐದು ದಿನ ಇರುವಾಗ ಮತ್ತೆ ಸಭೆ ಸೇರಿತು. ಮ್ಯಾಟ್, ಗ್ಯಾಲರಿ, ಲೈಟು ಎಲ್ಲಕ್ಕೂ ಮುಂಗಡ ಕೊಟ್ಟಾಗಿತ್ತು, ಒಟ್ಟು 90 ಸಾವಿರ. ನಿಲ್ಲಿಸಿದರೆ ಅದು ಹೋಗುತ್ತೆ. ಹೋದ 90 ಸಾವಿರ ಉಳಿಸಿಕೊಳ್ಳಲು ಇನ್ನೂ ನಾಲ್ಕೂವರೆ, ಐದು ಲಕ್ಷದ ಖರ್ಚಿಗೆ ಇಳಿದರು. ಹೊರಗಿನಿಂದ ನೋಡುವವರಿಗೆ ಇದು ಎಂಥ ದಡ್ಡತನ ಅನಿಸಬಹುದು. ಆದರೆ ಕರಪತ್ರ ಹಂಚಿಯಾಗಿತ್ತು, ಊರಿನ ಮಾನ ಅನ್ನುವ ಒಂದು ಮಾತು ಆ ಸಭೆಯಲ್ಲಿ ಬಂತು. ಆ ಮಾತು ಬಂದ ಮೇಲೆ ಕೂಡಿ ಕಳೆಯುವವರು ಬಾಯಿ ಬಿಡುವುದಿಲ್ಲ.

ಕೊರತೆ ತುಂಬಲು ಅವರು ಪ್ರವೇಶ ಶುಲ್ಕವನ್ನು 1,500ರಿಂದ 2,000ಕ್ಕೆ ಏರಿಸಿದರು. 34 ತಂಡ ಬಂದವು. ಗ್ಯಾಲರಿಗೆ 50 ರೂಪಾಯಿ ಟಿಕೆಟ್ ಇಟ್ಟರು. ಜನ ನಕ್ಕು, ಗದ್ದೆ ಬದುವಿನ ಮೇಲೆ ನಿಂತು ನೋಡಿದರು. ಮೊದಲ ರಾತ್ರಿಯೇ ಟಿಕೆಟ್ ಕೈಬಿಟ್ಟರು. ಮನೆ ವಂತಿಗೆ 50 ಸಾವಿರಕ್ಕೆ ಇಳಿಯಿತು. ರಾತ್ರಿ 10ಕ್ಕೆ ನಿಲ್ಲಿಸಬೇಕಾದ್ದರಿಂದ ಪಂದ್ಯಗಳು ಮೂರನೇ ದಿನಕ್ಕೆ ಹೋದವು, ಮ್ಯಾಟ್ ಬಾಡಿಗೆ ಒಂದು ದಿನ ಜಾಸ್ತಿ. ಒಟ್ಟು ಖರ್ಚು 5 ಲಕ್ಷ 80 ಸಾವಿರ, ಕೊರತೆ 3 ಲಕ್ಷ 20 ಸಾವಿರ.

ಬಹುಮಾನದ ದುಡ್ಡು ಬಾಕಿ ಹೇಳುವ ಹಾಗಿರಲಿಲ್ಲ. ಬಂದವರು ದುಡ್ಡು ಎಣಿಸಿಕೊಂಡೇ ವ್ಯಾನ್ ಹತ್ತುವವರು. ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಮೂವರೂ ಸೇರಿ ಫೈನಲ್ ದಿನ ಮಧ್ಯಾಹ್ನ ಮೂರು ರೂಪಾಯಿ ಬಡ್ಡಿಗೆ 2 ಲಕ್ಷ ಕೈಸಾಲ ತಂದರು. ತಿಂಗಳಿಗೆ 6 ಸಾವಿರ ಬಡ್ಡಿ. ಉಳಿದ 1 ಲಕ್ಷ 20 ಸಾವಿರ ಲೈಟು, ಶಾಮಿಯಾನದವರಿಗೆ ಬಾಕಿ. ಕಾಗದದ ಮೇಲೆ ಸಾಲ ಸಂಘದ್ದಲ್ಲ, ಈ ಮೂವರದ್ದು. ಸಂಘ ನೋಂದಣಿಯೂ ಆಗಿರಲಿಲ್ಲ, ಬ್ಯಾಂಕ್ ಖಾತೆಯೂ ಇರಲಿಲ್ಲ. ದಾನಿಗೆ ಹೆಸರು, ಹೊರಗಿನ ತಂಡಕ್ಕೆ ಬಹುಮಾನ, ನಷ್ಟ ಬಂದರೆ ಮೂರು ಮನೆಗೆ.

ಸಾಲ ತೀರಿಸುವ ದಾರಿ

ಮೊದಲು ಬಂದ ಸಲಹೆ ಏನು ಗೊತ್ತಾ? ಮುಂದಿನ ವರ್ಷ ಒಂದೂವರೆ ಲಕ್ಷ ಬಹುಮಾನ ಇಟ್ಟು, ಇನ್ನೂ ದೊಡ್ಡದಾಗಿ ಮಾಡಿ, ಉಳಿದ ದುಡ್ಡಲ್ಲಿ ಸಾಲ ತೀರಿಸುವುದು! ಇದನ್ನು ಹೇಳಿದವರು ಪೆದ್ದರಲ್ಲ, ಸಂಘದಲ್ಲೇ ಓದಿದವರು. ಎರಡನೇ ಸಲಹೆ ಮನೆಗೆ ಒಂದೂವರೆ ಸಾವಿರ ಎತ್ತುವುದು. ಅದನ್ನು ಊರಿನ ಸಭೆಗೆ ತಂದರು.

ಆ ಸಭೆಗೆ ಸ್ತ್ರೀಶಕ್ತಿ ಸಂಘದ ಹೆಂಗಸರೂ ಬಂದಿದ್ದರು. ಅವರಲ್ಲೊಬ್ಬರು ಎದ್ದು ನಿಂತರು. "ನಮ್ ಹೆಣ್ಮಕ್ಕಳು ಆ ಬಯಲಿಗೆ ಕಾಲಿಟ್ಟವ್ರಾ? ನಮ್ ಹುಡುಗ್ರು ಗೆದ್ದವ್ರಾ? ಯಾತಕ್ಕೆ ಕೊಡ್ಬೇಕು ಹೇಳಿ" ಅಂದರು. ಯಾರೂ ಉತ್ತರ ಕೊಡಲಿಲ್ಲ. ವಾರ ಬಿಟ್ಟು ಅದೇ ಹೆಂಗಸರು ಇನ್ನೊಂದು ಮಾತು ತಂದರು. ತಮ್ಮ ಉಳಿತಾಯದ ದುಡ್ಡಿನಿಂದ ಒಂದು ರೂಪಾಯಿ ಬಡ್ಡಿಗೆ 2 ಲಕ್ಷ ಕೊಡುತ್ತೇವೆ, ಕೈಸಾಲ ತೀರಿಸಿ ಅಂದರು. ಬದಲಿಗೆ ಪಂದ್ಯಾವಳಿಯ ಊಟ, ತಿಂಡಿ ಅಂಗಡಿ ಹರಾಜಿಲ್ಲದೆ ತಮಗೇ ಬಿಡಬೇಕು. ದಿನಾ ಸಂಜೆ ಒಂದು ಗಂಟೆ ಬಯಲು ಹುಡುಗಿಯರಿಗೆ ಬಿಡಬೇಕು. ಲೆಕ್ಕವನ್ನು ಡೇರಿ ಗೋಡೆಗೆ ಅಂಟಿಸಬೇಕು.

ಬಡ್ಡಿ ತಿಂಗಳಿಗೆ 6 ಸಾವಿರದಿಂದ 2 ಸಾವಿರಕ್ಕೆ ಇಳಿಯಿತು. ಹುಡುಗರಿಗೆ ಅವಮಾನ ಅನಿಸಿದ್ದು ನಿಜ. ಸಾಲದ ಭಾರ ಅದಕ್ಕಿಂತ ಜಾಸ್ತಿ ಇತ್ತು, ಒಪ್ಪಿದರು. ಶಾಮಿಯಾನದವರ ಬಾಕಿಗೆ ಮಾತು ಕೊಟ್ಟಿದ್ದ ದಾನಿಗಳಲ್ಲಿ ಇಬ್ಬರು ಚುನಾವಣೆ ಮುಗಿದ ಮೇಲೆ 50 ಸಾವಿರ ಕೊಟ್ಟರು. ಇನ್ನು 70 ಸಾವಿರ ಆ ಮೂವರೇ ಸೇರಿ ಕಟ್ಟಿದರು. ಅದೇ ವರ್ಷ ಸಂಘವನ್ನು 1960ರ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸಿ, ಬ್ಯಾಂಕ್ ಖಾತೆ ತೆರೆದರು.

2025ರ ಪಂದ್ಯಾವಳಿ

2024ರ ಜುಲೈನಲ್ಲಿ ಕಟ್ಟೆ ತುಂಬಿತು, ನಾಲೆಗೆ ನೀರು ಬಂತು. ಈ ಪ್ರಕರಣದಿಂದ ಪಾಠ ತೆಗೆಯುವವರು ಇದನ್ನು ಮರೆಯಬಾರದು. ಮುಂದೆ ಲೆಕ್ಕ ಸರಿಹೋದದ್ದರಲ್ಲಿ ಸಂಘದ ತೀರ್ಮಾನ ಎಷ್ಟು, ನಾಲೆ ನೀರು ಎಷ್ಟು ಅಂತ ಬಿಡಿಸಿ ಹೇಳುವುದು ಕಷ್ಟ. ಬರದ ವರ್ಷ ಇದೇ ನಿಯಮ ಇಟ್ಟು ನೋಡಿದರೆ ಮಾತ್ರ ಗೊತ್ತಾಗುವುದು.

2025ರ ಫೆಬ್ರವರಿಗೆ ಪ್ರಥಮ ಬಹುಮಾನ 25 ಸಾವಿರಕ್ಕೆ ಇಳಿಸಿದರು. ಪ್ರವೇಶ ಶುಲ್ಕ ಒಂದು ಸಾವಿರ. ಎರಡು ಹೋಬಳಿಯ ಒಳಗಿನ ಊರುಗಳಿಗೆ ಮಾತ್ರ ಅವಕಾಶ, ಆಧಾರ್ ತೋರಿಸಿ ಹೆಸರು ಬರೆಸಬೇಕು. ಒಂದೇ ಮ್ಯಾಟ್. ಮಧ್ಯಾಹ್ನ ಶುರು, ರಾತ್ರಿ 10ಕ್ಕೆ ಬಂದ್. ಲೈವ್ ಬೇಡ ಅಂದಾಗ ಹುಡುಗರು ಮುನಿಸಿಕೊಂಡರು. ಕೊನೆಗೆ ಒಬ್ಬ ತನ್ನ ಫೋನನ್ನೇ ಬಿದಿರು ಗಳಕ್ಕೆ ಕಟ್ಟಿ ಲೈವ್ ಬಿಟ್ಟ.

ಮ್ಯಾಟ್ ಬೇಕಾ, ಮಣ್ಣೇ ಸಾಕಾ ಅನ್ನುವುದು ದೊಡ್ಡ ಚರ್ಚೆ ಆಯಿತು. ಮಣ್ಣಾದರೆ 22 ಸಾವಿರ ಉಳಿಯುತ್ತೆ. ಆದರೆ ಮ್ಯಾಟ್ ಮೇಲೆ ಆಡಿ ಅಭ್ಯಾಸ ಇಲ್ಲದ ಹುಡುಗ ಆಯ್ಕೆ ಶಿಬಿರಕ್ಕೆ ಹೋದರೆ ಕಾಲೇ ನಿಲ್ಲುವುದಿಲ್ಲ. ಕ್ರೀಡಾ ಇಲಾಖೆಯ ಕ್ರೀಡಾ ನಿಲಯ, ಮುಂದೆ ರೈಲ್ವೆಯ ಕ್ರೀಡಾ ಕೋಟಾ, ಇವೇ ಇಲ್ಲಿಂದ ಹೊರಗೆ ಹೋಗುವ ನಿಜವಾದ ಬಾಗಿಲು. ಅದಕ್ಕೆ ಮ್ಯಾಟ್ ಉಳಿಯಿತು. ಈ ತೀರ್ಮಾನ ನನಗೂ ಸರಿ ಅನಿಸುತ್ತೆ. ಆಟಗಾರನ ಕೈಯಲ್ಲಿ ಉಳಿಯುವ ಖರ್ಚು ಬೇರೆ, ನೋಡುವವರ ಕಣ್ಣಿಗೆ ಮಾಡುವ ಖರ್ಚು ಬೇರೆ.

24 ತಂಡ ಬಂದವು. ಜನ ಅರ್ಧಕ್ಕರ್ಧ ಕಡಿಮೆ. ಅದೇ ತಿಂಗಳು ಇನ್ನೊಂದು ಊರಿನಲ್ಲಿ ಒಂದೂವರೆ ಲಕ್ಷದ ಪಂದ್ಯಾವಳಿ ಇತ್ತು, ದೊಡ್ಡ ರೈಡರ್‌ಗಳೆಲ್ಲ ಅಲ್ಲಿಗೆ ಹೋದರು. ಹೆಂಗಸರ ಅಂಗಡಿಯಲ್ಲಿ ಮುದ್ದೆ, ನಾಟಿಕೋಳಿ ಸಾರು, ಬೋಟಿ ಗೊಜ್ಜು. ಎರಡನೇ ದಿನ ಎಂಟು ಗಂಟೆಗೇ ಸಾರು ಖಾಲಿ. ಬಾಡಿಗೆ ಅಂತ ಸಂಘಕ್ಕೆ 18 ಸಾವಿರ ಕೊಟ್ಟು, ಅವರ ಕೈಯಲ್ಲಿ 40 ಸಾವಿರ ಉಳಿಯಿತು. ಅಷ್ಟು ದೊಡ್ಡ 2023ರ ಪಂದ್ಯಾವಳಿಯಲ್ಲಿ ಊರೊಳಗೆ ಉಳಿದ 70 ಸಾವಿರದ ಪಕ್ಕ ಇದನ್ನು ಇಟ್ಟು ನೋಡಿ. ಒಟ್ಟು ಖರ್ಚು ಈಗ 1 ಲಕ್ಷ 48 ಸಾವಿರ, ಬಂದದ್ದು 1 ಲಕ್ಷ 78 ಸಾವಿರ. ಉಳಿದ 30 ಸಾವಿರದಲ್ಲಿ 10 ಸಾವಿರ ಪೆಟ್ಟಾದ ಆಟಗಾರರ ನಿಧಿಗೆ, 20 ಸಾವಿರ ಸಾಲಕ್ಕೆ. ಪಟ್ಟಿ ಡೇರಿ ಗೋಡೆ ಮೇಲೆ ಬಂತು. ಯಾವ ಮನೆ ವಂತಿಗೆ ಕೊಟ್ಟಿಲ್ಲ ಅನ್ನುವುದೂ ಅದರಲ್ಲಿ ಇದ್ದದ್ದು ಬೇರೆ ಜಗಳಕ್ಕೆ ಕಾರಣ ಆಯಿತು, ಅದು ಇಲ್ಲಿ ಬೇಡ.

ನಿಜವಾದ ಪರೀಕ್ಷೆ ಸೆಮಿಫೈನಲ್‌ನಲ್ಲಿ ಬಂತು. ಊರಿನ ತಂಡ ಅಲ್ಲಿವರೆಗೆ ಬಂದಿತ್ತು, ಎಷ್ಟೋ ವರ್ಷದ ಮೇಲೆ. ಮೊದಲ 20 ನಿಮಿಷದಲ್ಲಿ ಅವರ ರೈಡರ್ ಒಬ್ಬನೇ ಒಂಬತ್ತು ಪಾಯಿಂಟ್ ತಂದ. ಎದುರು ತಂಡದವರಿಗೆ ಅನುಮಾನ ಬಂತು. ಆಧಾರ್ ತೋರಿಸಿ ಅಂದರು. ವಿಳಾಸ ಬೆಂಗಳೂರಿನದು. ನಾಯಕನ ಅಕ್ಕನ ಮಗ, ರಜೆಗೆ ಬಂದಿದ್ದಾನೆ ಅಂತ ವಾದ. ಹೆಸರು ಬರೆಸಿಕೊಳ್ಳುವಾಗ ಊರಿನ ತಂಡದ್ದು ಯಾರು ಕೇಳುತ್ತಾರೆ ಅಂತ ಕಾರ್ಡನ್ನು ನೋಡಿಯೇ ಇರಲಿಲ್ಲ.

ಸಮಿತಿಯವರು ಗುಡಿ ಜಗಲಿ ಮೇಲೆ ಕೂತು ಅರ್ಧ ಗಂಟೆ ಮಾತಾಡಿದರು. ಹೊರಗಡೆ ಕೂಗಾಟ. ಊರಿನ ತಂಡವನ್ನೇ ಹೊರಗೆ ಹಾಕಿದರು. ಕುರ್ಚಿಗಳು ಹಾರಿದವು, ಕೆಲವು ಮುರಿದವು. ಊರಿನ ಆಟಗಾರರು ಅವತ್ತೇ ಸಂಘ ಬಿಟ್ಟರು. ಅವರಲ್ಲಿ ಮೂವರು ಒಳ್ಳೆ ಆಟಗಾರರು, ಈಗಲೂ ಬಯಲಿಗೆ ಬರುವುದಿಲ್ಲ. ನಿಯಮ ಉಳಿಯಿತು, ಅದನ್ನು ಯಾರಿಗಾಗಿ ಮಾಡಿದ್ದರೋ ಆ ಹುಡುಗರೇ ಹೋದರು. ಬೆಂಗಳೂರು ವಿಳಾಸದ ಆ ರೈಡರ್ ಒಬ್ಬನನ್ನು ಮಾತ್ರ ಹೊರಗೆ ಕೂರಿಸಿ, ಅವನ ಪಾಯಿಂಟ್ ತೆಗೆದು ಆಟ ಮುಂದುವರಿಸಬಹುದಿತ್ತು ಅಂತ ಅಧ್ಯಕ್ಷರಿಗೆ ಈಗಲೂ ಅನಿಸುತ್ತೆ. ಖಜಾಂಚಿಗೆ ಹಾಗೆ ಅನಿಸುವುದಿಲ್ಲ. ಸ್ವಂತ ತಂಡಕ್ಕೆ ಸಡಿಲ ಬಿಟ್ಟಿದ್ದರೆ ಮುಂದಿನ ವರ್ಷ 24ರಲ್ಲಿ ಹತ್ತು ತಂಡವೂ ಬರುತ್ತಿರಲಿಲ್ಲ ಅಂತಾನೆ. ಲೆಕ್ಕದ ಕಡೆಯಿಂದ ಖಜಾಂಚಿ ಸರಿ. ಪ್ರವೇಶ ಶುಲ್ಕ ಕೊಡುವವರು ಆಟಕ್ಕಿಂತ ಮೊದಲು ನಂಬಿಕೆಗೆ ಕೊಡುತ್ತಾರೆ. ಆದರೆ ಇಂಥ ನಿಯಮವನ್ನು ಪಂದ್ಯದ ನಡುವೆ ಪರೀಕ್ಷೆ ಮಾಡುವ ಸ್ಥಿತಿಯೇ ಬರಬಾರದಿತ್ತು. ಹೆಸರು ಬರೆಸಿಕೊಳ್ಳುವ ಟೇಬಲ್‌ನಲ್ಲಿ ಬೇರೆ ಊರಿನ ಒಬ್ಬರನ್ನು ಕೂರಿಸಿದ್ದರೆ ಮುಗಿಯುತ್ತಿತ್ತು. ಈಗ ಹಾಗೇ ಮಾಡಬೇಕು ಅಂತ ಬೈಲಾದಲ್ಲಿ ಬರೆದುಕೊಂಡಿದ್ದಾರೆ.

ಸಂಜೆಯ ಒಂದು ಗಂಟೆ

ಹೆಂಗಸರ ಷರತ್ತಿನಲ್ಲಿ ಯಾರೂ ಅಷ್ಟು ಲೆಕ್ಕಕ್ಕೆ ಇಟ್ಟಿರದಿದ್ದದ್ದು ಹುಡುಗಿಯರ ಒಂದು ಗಂಟೆ. ಮೊದಲು ಕಬಡ್ಡಿ ಅಂತಲೇ ಶುರುವಾಯಿತು, ಆರೇಳು ಹುಡುಗಿಯರು. ಅಷ್ಟರಲ್ಲಿ 2025ರ ಜನವರಿ 19 ಬಂತು. ದೆಹಲಿಯಲ್ಲಿ ನಡೆದ ಮೊದಲ ಖೋ ಖೋ ವಿಶ್ವಕಪ್‌ನಲ್ಲಿ ಭಾರತದ ಗಂಡಸರ ತಂಡ, ಹೆಂಗಸರ ತಂಡ ಎರಡೂ ನೇಪಾಳವನ್ನು ಸೋಲಿಸಿ ಗೆದ್ದವು. ಗೆದ್ದ ತಂಡಗಳಲ್ಲಿ ಮಂಡ್ಯ ಜಿಲ್ಲೆಯ ಒಬ್ಬ ಹುಡುಗ, ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಒಬ್ಬ ಹುಡುಗಿ ಇದ್ದರು. ಬಸ್ಸಿನಲ್ಲಿ ಹೋಗಿ ಬರುವಷ್ಟು ದೂರದ ಊರಿನವಳು ವಿಶ್ವಕಪ್ ಗೆದ್ದಳು ಅಂದರೆ ಸುಮ್ನೆನಾ? ಫೆಬ್ರವರಿ ಹೊತ್ತಿಗೆ ಬಯಲಿನಲ್ಲಿ ಎರಡು ಕಂಬ ನೆಟ್ಟು, ಹೈಸ್ಕೂಲಿನ ಪಿ.ಟಿ. ಮೇಷ್ಟ್ರ ಕೈಕೆಳಗೆ ಇಪ್ಪತ್ತಕ್ಕೂ ಜಾಸ್ತಿ ಹುಡುಗಿಯರು ಖೋ ಖೋ ಆಡುತ್ತಿದ್ದರು. ಮ್ಯಾಟ್ ಬೇಡ, ಶೂ ಬೇಡ, ಲೈಟ್ ಬೇಡ. 27 ಮೀಟರ್ ಉದ್ದ, 16 ಮೀಟರ್ ಅಗಲದ ಮಣ್ಣು ಸಾಕು.

ದುಡ್ಡಿನ ಮಾತು ಇಲ್ಲೂ ಬಂತು. ಗೆದ್ದ ಆ ಇಬ್ಬರಿಗೆ ರಾಜ್ಯ ಸರ್ಕಾರ ತಲಾ 5 ಲಕ್ಷ ಘೋಷಿಸಿತು. ಮಹಾರಾಷ್ಟ್ರ ತನ್ನ ಆಟಗಾರರಿಗೆ ತಲಾ 2 ಕೋಟಿ 25 ಲಕ್ಷ ಮತ್ತು ಸರ್ಕಾರಿ ಕೆಲಸ ಅಂತು. ಇಬ್ಬರೂ 5 ಲಕ್ಷ ಬೇಡ ಅಂದರು. ಟೀ ಅಂಗಡಿಯಲ್ಲಿ ದೊಡ್ಡ ವಾದ. ಒಂದು ರಾತ್ರಿ ಕಬಡ್ಡಿ ಗೆದ್ದವರಿಗೆ ನಾವೇ ಒಂದು ಲಕ್ಷ ಕೊಟ್ಟಿದ್ದೀವಿ, ವಿಶ್ವಕಪ್‌ಗೆ ಐದೇನಾ ಅಂತ ಒಬ್ಬರು ಕೇಳಿದರಂತೆ. ಪ್ರಶ್ನೆ ಸರಿಯಾಗೇ ಇದೆ. ಗೆದ್ದ ದಿನ ಕೊಡುವ ದುಡ್ಡನ್ನು ನಾವು ಎಷ್ಟು ಎಣಿಸುತ್ತೇವೋ ಅಷ್ಟನ್ನು ಗೆಲ್ಲುವ ಮುಂಚಿನ ಹತ್ತು ವರ್ಷಕ್ಕೆ ಎಣಿಸುವುದಿಲ್ಲ. ಈ ಊರಿನಲ್ಲಿ ಹುಡುಗಿಯರ ಗುಂಪಿಗೆ ವರ್ಷಕ್ಕೆ ಆಗಿರುವ ಖರ್ಚು, ಮೇಷ್ಟ್ರಿಗೆ ಪೆಟ್ರೋಲ್, ಮಕ್ಕಳಿಗೆ ಮೊಟ್ಟೆ, ತಾಲ್ಲೂಕು ಕ್ರೀಡಾಕೂಟಕ್ಕೆ ಹೋಗಿ ಬಂದ ವ್ಯಾನು ಸೇರಿ 35 ಸಾವಿರದ ಒಳಗೆ. ಒಬ್ಬಳಿಗೆ ಕ್ರೀಡಾ ನಿಲಯದಲ್ಲಿ ಸೀಟು ಸಿಕ್ಕಿದೆ. ಅವಳ ಊಟ, ವಸತಿ, ಓದು ಇನ್ನು ಮನೆಯ ಮೇಲಿಲ್ಲ.

ಇದನ್ನು ನೋಡಿ ಪಂದ್ಯಾವಳಿಯೇ ಬೇಡ, ತರಬೇತಿ ಸಾಕು ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಜನ ತರಬೇತಿಗೆ ವಂತಿಗೆ ಕೊಡುವುದಿಲ್ಲ, ಪಂದ್ಯಕ್ಕೆ ಕೊಡುತ್ತಾರೆ. ಮನೆಗೆ 300 ರೂಪಾಯಿ ವಂತಿಗೆ ಕೊಟ್ಟವರು ಎರಡು ಸಂಜೆ ಆಟ ನೋಡಿ ಖುಷಿಪಟ್ಟರೆ ಮುಂದಿನ ವರ್ಷವೂ ಕೊಡುತ್ತಾರೆ. ಆ ದುಡ್ಡಿನಿಂದಲೇ ಮೊಟ್ಟೆ ಬರಬೇಕು. ಹಾಗಾಗಿ ಎಷ್ಟು ದೊಡ್ಡದಾಗಿ ಮಾಡಬಹುದು ಅನ್ನುವ ಪ್ರಶ್ನೆಗೆ ಈಗ ಸಮಿತಿ ಇಟ್ಟುಕೊಂಡಿರುವ ಅಳತೆ ಇಷ್ಟು: ದಾನಿ ಒಬ್ಬರೂ ಬರದಿದ್ದರೂ, ನಾಲೆಗೆ ನೀರು ಬರದಿದ್ದರೂ ಯಾರೂ ಕೈಸಾಲ ಮಾಡದೆ ಮುಗಿಸುವಷ್ಟು. 2025ರ ಲೆಕ್ಕವೂ ಆ ಅಳತೆಗೆ ಪೂರ್ತಿ ಕೂರುವುದಿಲ್ಲ. ಅದರಲ್ಲಿ 70 ಸಾವಿರ ದಾನಿಗಳದ್ದೇ, ಮಳೆಯೂ ಆಗಿತ್ತು.

ಸಾಲ ಇನ್ನೂ ಪೂರ್ತಿ ತೀರಿಲ್ಲ. ಸಂಘ ಬಿಟ್ಟ ಹುಡುಗರು ಬೇರೆ ಹೆಸರಿನಲ್ಲಿ ಒಂದು ಲಕ್ಷದ ಪಂದ್ಯಾವಳಿ ಮಾಡುತ್ತೇವೆ ಅಂತ ಹೇಳಿಕೊಂಡಿದ್ದಾರೆ. ಜಿಲ್ಲಾ, ತಾಲ್ಲೂಕು ಪಂಚಾಯ್ತಿಗಳ ಅವಧಿ 2021ರಲ್ಲೇ ಮುಗಿದರೂ ಚುನಾವಣೆ ಮುಂದಕ್ಕೆ ಹೋಗುತ್ತಲೇ ಬಂತು. ಚುನಾವಣೆ ನಡೆಯುವ ವರ್ಷ ದುಡ್ಡು ಮತ್ತೆ ಹರಿಯುತ್ತೆ ಅನ್ನುವುದು ಎರಡೂ ಕಡೆಯವರಿಗೆ ಗೊತ್ತು. ಈಗಾಗಲೇ ಒಬ್ಬ ಆಕಾಂಕ್ಷಿ ಹಳೇ ಸಂಘಕ್ಕೆ 2 ಲಕ್ಷ ಕೊಡುತ್ತೇನೆ, ತಾರೀಕು ನಾನು ಹೇಳುತ್ತೇನೆ ಅಂದಿದ್ದಾರೆ. ಆ ದುಡ್ಡಲ್ಲಿ ಹೈಸ್ಕೂಲಿನ ಹೆಸರಿಗೆ ಒಂದು ಮ್ಯಾಟ್ ಕೊಡಿಸಿ, ಫ್ಲೆಕ್ಸ್ ಇರುವುದಿಲ್ಲ, ತಾರೀಕು ನಮ್ಮದೇ ಅಂತ ಸಮಿತಿ ಕಾಗದ ಬರೆದು ಕಳಿಸಿದೆ. ಅವರಿಂದ ಇನ್ನೂ ಉತ್ತರ ಬಂದಿಲ್ಲ.